ಒಳಪುಟದಲ್ಲೇ ಮುಗಿದುಹೋಗುವವರು

ಜನಪ್ರಿಯ ನಟರೊಬ್ಬರು ತೀರಿಕೊಂಡಾಗ ಜನ ಕಣ್ಣೀರಿಡುವುದನ್ನು ಕಂಡು ಮೂಗು ಮುರಿಯುವವರ ಸಾಲಿಗೆ ನಾನು ಸೇರಿದವನಲ್ಲ. ವರ್ಷಗಟ್ಟಲೆ ಪರದೆಯ ಮೇಲೆ ನೋಡಿದ ಮುಖ ಮನೆಯವರ ಮುಖದಷ್ಟೇ ಹತ್ತಿರವಾಗಿರುತ್ತದೆ, ಆ ದುಃಖ ಸುಳ್ಳಲ್ಲ. ನನ್ನ ತಕರಾರು ಇರುವುದು ಸುದ್ದಿಮನೆಗಳ ಬಗ್ಗೆ. 2009ರ ಸೆಪ್ಟೆಂಬರ್ 12ರಂದು, ಗಿಡ್ಡ ಗೋಧಿ ತಳಿಗಳನ್ನು ರೂಪಿಸಿ ಭಾರತವೂ ಸೇರಿದಂತೆ ಹಲವು ದೇಶಗಳ ಹಸಿವನ್ನು ತಗ್ಗಿಸಿದ ನಾರ್ಮನ್ ಬೋರ್ಲಾಗ್ ನಿಧನರಾದರು. ಎರಡೇ ದಿನಕ್ಕೆ ಹಾಲಿವುಡ್ ನಟ ಪ್ಯಾಟ್ರಿಕ್ ಸ್ವೇಜಿ ತೀರಿಕೊಂಡರು. ಯಾರ ಸಾವು ಹೆಚ್ಚು ಹೊತ್ತು ಪರದೆಯ ಮೇಲೆ ಉಳಿದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ನೊಬೆಲ್ ಪಡೆದವರ ಗತಿಯೇ ಹೀಗಾದರೆ ಉಳಿದವರ ಪಾಡೇನು?

ಡಾ. ದಿಲೀಪ್ ಮಹಾಲನಬೀಸ್ ಅವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಹಾಸಿಗೆ ಸಿಗದ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ಅವರಿಗೆ ಸಲೈನ್ ಏರಿಸಬೇಕಾದರೆ ವಾಂತಿ, ಮಲಗಳ ನಡುವೆಯೇ ಮೊಣಕಾಲೂರಬೇಕಿತ್ತು, ಆ ಸಲೈನ್ ಕೂಡ ಮುಗಿಯುತ್ತ ಬಂದಿತ್ತು. ಆಗ ಮಹಾಲನಬೀಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಕದಡಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸತೊಡಗಿದರು. ಬಾಯಿಂದ ಕುಡಿಸುವ ಈ ದ್ರಾವಣ ಆವರೆಗೆ ವೈದ್ಯರ ಕಣ್ಗಾವಲಿನಲ್ಲಷ್ಟೇ ಪರೀಕ್ಷೆಗೊಳಗಾಗಿತ್ತು. ಅದನ್ನು ಓದುಬರಹ ಬಾರದ ತಾಯಂದಿರ ಕೈಗೆ ಒಪ್ಪಿಸುವುದಕ್ಕೆ ವಿದ್ಯೆಗಿಂತ ಹೆಚ್ಚಾಗಿ ಧೈರ್ಯ ಬೇಕಿತ್ತು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಔಷಧಿ ಅಂಗಡಿಯಲ್ಲಿ ನಾವು ಓಆರ್‌ಎಸ್ ಪೊಟ್ಟಣ ಕೇಳಿ ಪಡೆಯುವುದರ ಹಿಂದೆ ಈ ಅನುಭವವಿದೆ. 2022ರ ಅಕ್ಟೋಬರ್‌ನಲ್ಲಿ ಅವರು ಕೋಲ್ಕತ್ತದಲ್ಲಿ ಕೊನೆಯುಸಿರೆಳೆದರು. ಪದ್ಮವಿಭೂಷಣ ಬಂದದ್ದು ಮರುವರ್ಷ, ಅದನ್ನು ಸ್ವೀಕರಿಸಲು ಅವರೇ ಇಲ್ಲದಿದ್ದಾಗ.

ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಪದ್ಮಭೂಷಣ ಬಂದಾಗ ಬೇಡವೆಂದವರು. ಆಂಧ್ರದಲ್ಲಿ ಜೀತವಿಮುಕ್ತಿಗಾಗಿ, ದಲಿತರು ಮತ್ತು ಆದಿವಾಸಿಗಳಿಗಾಗಿ ದುಡಿದ ಅವರನ್ನು 1987ರಲ್ಲಿ ನಕ್ಸಲರು ಒತ್ತೆಯಾಳಾಗಿ ಇರಿಸಿಕೊಂಡಿದ್ದರು. ನಿವೃತ್ತಿಯ ನಂತರ ಅದೇ ನಕ್ಸಲರನ್ನೂ ಸರ್ಕಾರವನ್ನೂ ಮಾತುಕತೆಗೆ ಕೂರಿಸಲು ವರ್ಷಗಟ್ಟಲೆ ಓಡಾಡಿದರು. ಚಿತ್ರಕಥೆ ಬರೆಯುವವರಿಗೂ ಇಂಥದೊಂದು ತಿರುವು ಸುಲಭಕ್ಕೆ ಹೊಳೆಯಲಾರದು. 2010ರಲ್ಲಿ ಅವರು ತೀರಿಕೊಂಡದ್ದು ಎಷ್ಟು ಮಂದಿಗೆ ನೆನಪಿದೆಯೋ!

ತಾರೆಯರ ಹೊಳಪೇ ಇದಕ್ಕೆಲ್ಲ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಬದುಕುಳಿದ ಮಗುವಿನ, ಹರಡದೇ ಹೋದ ರೋಗದ ಚಿತ್ರ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಕೆಲಸ ಚೆನ್ನಾಗಿ ಆದಷ್ಟೂ ಅದನ್ನು ಮಾಡಿದವರ ಗುರುತು ಅಳಿಸುತ್ತ ಹೋಗುತ್ತದೆ. ಅದರ ಮೇಲೆ, ಹೆಸರಾಂತರ ಜೀವನಚಿತ್ರವನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳುವ ರೂಢಿ ಪತ್ರಿಕೆಗಳಲ್ಲಿದೆ. ಇತರರ ಬಗ್ಗೆ ಸಾವಿನ ಸಂಜೆ ಗಡಿಬಿಡಿಯಲ್ಲಿ ಹುಡುಕಿದರೆ ಸಿಗುವುದು ಹುದ್ದೆ, ವಯಸ್ಸು ಮತ್ತು ಹಳೆಯದೊಂದು ಭಾವಚಿತ್ರ. ಅಧಿಕಾರಿ, ವೈದ್ಯ, ಎಂಜಿನಿಯರ್ ನಿವೃತ್ತರಾಗುವ ದಿನ ಹಾರ ಹಾಕಿ ಕಳುಹಿಸುವ ಇಲಾಖೆಗಳು, ಅವರು ಏನು ಮಾಡಿದರೆಂಬುದನ್ನು ಅವರಿಂದಲೇ ಕೇಳಿ ಎರಡು ಪುಟ ಬರೆದಿಟ್ಟರೆ ಆ ಸಂಜೆಯ ಪರದಾಟ ಅರ್ಧದಷ್ಟಾದರೂ ತಪ್ಪುತ್ತಿತ್ತು.