ಮೋಆಬ್‌ನ ಕೆಂಪು ಬಂಡೆಗಳಲ್ಲಿ ಬೇಸಿಗೆಯ ಓಟ: ಸಂಜೆಯನ್ನು ನಂಬಬೇಡಿ

ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಜೂನ್, ಜುಲೈನಲ್ಲಿ ಟ್ರೇಲ್ (ಬೆಟ್ಟ-ಬಂಡೆಗಳ ಕಾಲುದಾರಿ) ಓಡಲು ಹೋಗುವವರು ಸಾಮಾನ್ಯವಾಗಿ ಮೋಸಹೋಗುವುದು ಸಂಜೆಯ ಲೆಕ್ಕದಲ್ಲಿ. ಹಗಲೆಲ್ಲ ಎಸಿ ರೂಮಿನಲ್ಲಿದ್ದು, ಐದು ಗಂಟೆಗೆ ಬಿಸಿಲು ತಗ್ಗಿದ ಮೇಲೆ ಹೊರಟರಾಯಿತು ಎಂದುಕೊಳ್ಳುತ್ತಾರೆ. ಐದಕ್ಕೆ ಬಿಸಿಲು ತಗ್ಗುವುದಿಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂ ಮುಕ್ಕಾಲರ ಸುಮಾರಿಗೆ. ದಿನದ ಅತಿ ಹೆಚ್ಚು ಸೆಕೆ ಇರುವುದು ನಾಲ್ಕು, ಐದು ಗಂಟೆಯ ಹೊತ್ತಿಗೆ. 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಅದರ ಮೇಲೆ ಬಂಡೆಯ ಕಾವು ಬೇರೆ. ಬೇಸಿಗೆಯಲ್ಲಿ ಬಾದಾಮಿಯ ಗುಡ್ಡ ಹತ್ತಿ ಹೊತ್ತು ಮುಳುಗುವಾಗ ಕಲ್ಲಿನ ಮೇಲೆ ಕೂತವರಿಗೆ ಇದು ಗೊತ್ತಿರುತ್ತದೆ: ಗಾಳಿ ತಂಪಾದರೂ ಕೂತ ಜಾಗ ಸುಡುತ್ತಲೇ ಇರುತ್ತದೆ. ಮೋಆಬ್‌ನಲ್ಲಿಯೂ ಮರಳುಗಲ್ಲೇ, ಆದರೆ ಮೈಲುಗಟ್ಟಲೆ, ನೆರಳಿಲ್ಲದೆ.

ಹಾಗಾಗಿ ನಾಲ್ಕಕ್ಕೆ ಎದ್ದು, ಐದಕ್ಕೆ ಟ್ರೇಲ್ ಶುರುವಾಗುವ ಜಾಗದಲ್ಲಿರಿ. ಒಂಬತ್ತಕ್ಕೆ ಕಾರಿನ ಹತ್ತಿರ ವಾಪಸ್ ಬಂದಿರಿ. ಈ ನಾಲ್ಕು ಗಂಟೆಯೇ ನಿಮ್ಮ ದಿನ. ಮೊದಲರ್ಧ ಗಂಟೆಗೆ ಹೆಡ್‌ಲ್ಯಾಂಪ್ ಬೇಕು. ಅಷ್ಟು ಹೊತ್ತಿಗೆ ತಿಂಡಿ ಹುಡುಕುತ್ತಾ ಹೋಗಬೇಡಿ. ರಾತ್ರಿಯೇ ಗಟ್ಟಿ ಅವಲಕ್ಕಿಯನ್ನು ಮೊಸರಿನಲ್ಲಿ ನೆನೆಸಿ, ಉಪ್ಪು ಸ್ವಲ್ಪ ಮುಂದಾಗಿ ಹಾಕಿ, ರೂಮಿನ ಫ್ರಿಜ್‌ನಲ್ಲಿ ಇಟ್ಟರೆ ಸಾಕು.

ಬೆಳಗಿನ ಹೊತ್ತಿಗೆ ಹೇಳಿ ಮಾಡಿಸಿದ್ದು ಆರ್ಚಸ್ ನ್ಯಾಷನಲ್ ಪಾರ್ಕಿನ ಡೆವಿಲ್ಸ್ ಗಾರ್ಡನ್. ಲ್ಯಾಂಡ್‌ಸ್ಕೇಪ್ ಆರ್ಚ್‌ವರೆಗಿನ ಸುಮಾರು ಒಂದು ಮೈಲು ಗಟ್ಟಿ ದಾರಿ, ಆರಾಮವಾಗಿ ಓಡಬಹುದು. 306 ಅಡಿ ಉದ್ದ ಚಾಚಿದ ಆ ಕಮಾನಿನಿಂದ 1991ರಲ್ಲಿ 60 ಅಡಿಯ ಚಪ್ಪಡಿಯೊಂದು ಕಳಚಿ ಬಿತ್ತು. ಅದರ ಕೆಳಗೆ ಹೋಗುವ ದಾರಿ ಮುಚ್ಚಿರುವುದು ಅದಕ್ಕೇ, ಬೇಲಿ ದಾಟಬೇಡಿ. ಅಲ್ಲಿಂದ ಮುಂದೆ ಗೋಡೆಯಂಥ ಕಲ್ಲುಗಳ ನೆತ್ತಿಯ ಮೇಲೆ ನಡೆಯಬೇಕು, ಎರಡೂ ಕಡೆ ಇಳಿಜಾರು. ಹಿಂಭಾಗದ ಪ್ರಿಮಿಟಿವ್ ಟ್ರೇಲ್ ಸೇರಿಸಿದರೆ ಪೂರ್ತಿ ಸುತ್ತು 7.9 ಮೈಲು. ಆ ಭಾಗದಲ್ಲಿ ಓಟ ಬಿಟ್ಟು ಕೈಕಾಲು ಎರಡನ್ನೂ ಬಳಸಬೇಕಾಗುತ್ತದೆ. ದಾರಿ ತೋರಿಸಲು ಒಂದರ ಮೇಲೊಂದು ಇಟ್ಟ ಪುಟ್ಟ ಕಲ್ಲುಗುಪ್ಪೆಗಳು ಮಾತ್ರ ಇರುತ್ತವೆ. ಮುಂದಿನ ಗುಪ್ಪೆ ಕಾಣುವವರೆಗೆ ಇದ್ದ ಗುಪ್ಪೆಯನ್ನು ಬಿಟ್ಟು ಹೊರಡಬೇಡಿ. ಬಂಡೆ ಹತ್ತುವುದು ಸುಲಭ, ಇಳಿಯುವುದು ಕಷ್ಟ. ಇಳಿಯಲಾರೆ ಅನ್ನಿಸುವ ಕಡೆ ಹತ್ತಲೇಬೇಡಿ.

ಅದೇ ಪಾರ್ಕಿನ ಇನ್ನೊಂದು ಕಮಾನು ಡೆಲಿಕೇಟ್ ಆರ್ಚ್‌ಗೆ ಹೋಗಿಬರಲು 3 ಮೈಲು ಅಷ್ಟೇ, ಆದರೆ ನಡುವಿನ ಏರು ಪೂರ್ತಿ ಬೋಳು ಬಂಡೆ. ಟ್ರೇಲ್ ಶುರುವಾಗುವಲ್ಲಿ ನೀರಿಲ್ಲ. ಪಾರ್ಕಿನಲ್ಲಿ ನೀರು ತುಂಬಿಸಿಕೊಳ್ಳಲು ಪ್ರವೇಶದ್ವಾರದ ವಿಸಿಟರ್ ಸೆಂಟರ್ ಇದೆ, ಡೆವಿಲ್ಸ್ ಗಾರ್ಡನ್ ಇದೆ. ಫೋಟೋಗೆ ಸೂರ್ಯಾಸ್ತವೇ ಚೆಂದ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆಗ ಅಲ್ಲಿ ಜಾತ್ರೆ, ಕಮಾನಿನ ಕೆಳಗೆ ನಿಲ್ಲಲು ಸರದಿ. ನಸುಕಿನಲ್ಲಿ ಹೋದರೆ ಬೆಳಕು ಕಮ್ಮಿ, ಜನವೂ ಕಮ್ಮಿ. ನನ್ನ ಓಟು ನಸುಕಿಗೇ.

ನೀರಿನ ಲೆಕ್ಕ ಖಚಿತವಾಗಿರಲಿ. ಓಡುವಾಗ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್, ದಿನಕ್ಕೆ ತಲೆಗೆ ಕನಿಷ್ಠ 4 ಲೀಟರ್. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ. ಬೆವರಿಲ್ಲ ಎಂದುಕೊಂಡು ನೀರು ಕುಡಿಯದೇ ಇರುತ್ತಾರೆ. ಅಂಗಿಯ ಬೆನ್ನಲ್ಲಿ, ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ನೋಡಿ, ಆಗ ಗೊತ್ತಾಗುತ್ತದೆ ಎಷ್ಟು ಹೋಯಿತೆಂದು. ಇದಕ್ಕೆ ತದ್ವಿರುದ್ಧವಾದ ತಪ್ಪು ಬರೀ ನೀರನ್ನೇ ಹೊಟ್ಟೆಬಿರಿಯ ಕುಡಿಯುವುದು. ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಅದನ್ನು ನೀರು ಸಾಲದ್ದಕ್ಕೆ ಎಂದು ತಿಳಿದು ಮತ್ತಷ್ಟು ಕುಡಿಸಿದರೆ ಪ್ರಾಣಕ್ಕೇ ಕುತ್ತು. ಊರಿನಿಂದ ಬರುವವರು ಓಆರ್‌ಎಸ್ ಪೊಟ್ಟಣ ತನ್ನಿ. ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮೇಲೆ ನಿಂಬೆಹಣ್ಣು. ಅಂಗಿ, ಟೋಪಿ ಎರಡನ್ನೂ ಒದ್ದೆ ಮಾಡಿಕೊಂಡು ಹೊರಡಿ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವ ಹಾಗೆಯೇ ಇದು ಮೈಯನ್ನು ತಣ್ಣಗಿಡುತ್ತದೆ, ಬೆಂಗಳೂರಿನ ಗಾಳಿಗಿಂತ ಅಲ್ಲಿನ ಒಣ ಗಾಳಿಯಲ್ಲಿ ಎಷ್ಟೋ ಚೆನ್ನಾಗಿ.

ಶೂ ವಿಷಯಕ್ಕೆ ಒಂದೇ ಮಾತು. ಗಾಳಿಯಾಡುವ ಜಾಲರಿ ಶೂ ತಂಪು ಅನ್ನಿಸಿದರೂ ಅಲ್ಲಿನ ಮರಳು ಹಿಟ್ಟಿನಷ್ಟು ನುಣ್ಣಗಿರುವುದರಿಂದ ಒಳಗೆ ನುಗ್ಗಿ ಎರಡು ಮೈಲಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಜಾಲರಿ ಒತ್ತಾಗಿರುವ ಶೂ, ಮೇಲೆ ಮರಳು ನುಗ್ಗದಂತೆ ಶೂ ಬಾಯಿ ಮುಚ್ಚುವ ಗೇಟರ್, ಬ್ಯಾಗಿನಲ್ಲಿ ಕಳ್ಳಿಮುಳ್ಳು ತೆಗೆಯಲು ಚಿಮಟ. ಜೂನ್‌ನಲ್ಲಿ ಹೋಗುವವರಿಗೆ ಇನ್ನೊಂದು ಕಾಟವಿದೆ: ಕಣ್ಣಿಗೆ ಸರಿಯಾಗಿ ಕಾಣದ ಕಚ್ಚುವ ನುಸಿ. ಕಿವಿಯ ಹಿಂದೆ, ಕೂದಲಂಚಿನಲ್ಲಿ ಕಚ್ಚಿದ ಕಡೆ ದಿನಗಟ್ಟಲೆ ತುರಿಕೆ. ತಲೆಗೆ ತೆಳು ಬಲೆ ಹಾಕಿಕೊಳ್ಳಿ, ನಾಚಿಕೆ ಬೇಡ.

ಹಣ ಕಳೆದುಕೊಳ್ಳುವ ಜಾಗಗಳು ಎರಡು. ಮೊದಲನೆಯದು 'ನ್ಯಾಷನಲ್ ಪಾರ್ಕ್ ಹತ್ತಿರ' ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ರೂಮು. ಹುಡುಕಿದರೆ ಅದು ಗ್ರೀನ್ ರಿವರ್‌ನಲ್ಲೋ ಮಾಂಟಿಸೆಲೊದಲ್ಲೋ ಇರುತ್ತದೆ. ಎರಡೂ ಮೋಆಬ್‌ನಿಂದ 50 ಮೈಲು ಆಚೀಚೆ. ನಾಲ್ಕಕ್ಕೆ ಏಳಬೇಕಾದವರು ಮೂರಕ್ಕೆ ಎದ್ದು, ಕತ್ತಲಲ್ಲಿ ಜಿಂಕೆ ಅಡ್ಡ ಬರುವ ಹೆದ್ದಾರಿಯಲ್ಲಿ ಓಡಿಸಬೇಕು. ಮೋಆಬ್ ಊರೊಳಗಿನ ಹಳೆಯ ಮೋಟೆಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಲಾಭವೇ. ಎಸಿ, ಫ್ರಿಜ್ ಎರಡೂ ಇದೆಯೇ ಎಂದು ಮೊದಲೇ ಕೇಳಿ. ಡೇರೆಯಂತೂ ಬೇಡ, ನಡುರಾತ್ರಿಯವರೆಗೂ ಒಳಗೆ ಬೇಯುತ್ತೀರಿ.

ಎರಡನೆಯದು ಪಾಸು. ಆರ್ಚಸ್‌ಗೆ ಕಾರಿಗೆ 30 ಡಾಲರ್, ಮೋಆಬ್‌ನ ಇನ್ನೊಂದು ನ್ಯಾಷನಲ್ ಪಾರ್ಕ್ ಕ್ಯಾನಿಯನ್‌ಲ್ಯಾಂಡ್ಸ್‌ಗೆ ಬೇರೆ 30. ಎರಡಕ್ಕೂ ಹೋಗುವವರು ಆ ಭಾಗದ ಪಾರ್ಕುಗಳಿಗೆ ಸಿಗುವ 55 ಡಾಲರಿನ ಪಾಸು ಕೇಳಿ. ಕ್ಯಾನಿಯನ್‌ಲ್ಯಾಂಡ್ಸ್ ದಾರಿಯಲ್ಲೇ ಸಿಗುವ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಸರ್ಕಾರದ್ದು. ಅಲ್ಲಿ ಯಾವ ನ್ಯಾಷನಲ್ ಪಾರ್ಕ್ ಪಾಸೂ ನಡೆಯುವುದಿಲ್ಲ, ಗೇಟಿನಲ್ಲಿ ಮತ್ತೆ ದುಡ್ಡು. ಕೊಟ್ಟರೂ ನಷ್ಟವಿಲ್ಲ ಅನ್ನಿ: ಕೊಲರಾಡೊ ನದಿಯ 2,000 ಅಡಿ ಮೇಲೆ, ಅಂಚಿನುದ್ದಕ್ಕೂ ಓಡುವ ದಾರಿ. ಅಪ್ಪ ಅಮ್ಮ ಭಾರತದಿಂದ ಬಂದಿದ್ದು ಯೂಟಾದ ಬೇರೆ ನ್ಯಾಷನಲ್ ಪಾರ್ಕುಗಳಾದ ಬ್ರೈಸ್, ಝಯಾನ್‌ಗೂ ಹೋಗುವುದಿದ್ದರೆ ಗಮನಿಸಿ: 2026ರ ಜನವರಿಯಿಂದ ಆ ಎರಡು ಕಡೆ ಅಮೆರಿಕದ ನಿವಾಸಿಗಳಲ್ಲದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಇದೆ. ಮೋಆಬ್‌ನ ಎರಡು ನ್ಯಾಷನಲ್ ಪಾರ್ಕುಗಳು ಆ ಪಟ್ಟಿಯಲ್ಲಿಲ್ಲ.

ಊಟಕ್ಕೆ ಮೇನ್ ಸ್ಟ್ರೀಟಿನ ಹೋಟೆಲುಗಳನ್ನು ದಾಟಿ, ಒಂದು ಬೀದಿ ಒಳಗಿರುವ ಫುಡ್ ಟ್ರಕ್ ಪಾರ್ಕಿಗೆ ಹೋಗಿ. ನೆರಳಿನಡಿ ಬೆಂಚು, ಸುತ್ತ ಗಾಡಿಗಳು, ಪ್ರತಿಯೊಬ್ಬರೂ ಬೇರೆ ಬೇರೆ ಗಾಡಿಯಲ್ಲಿ ತಂದು ಒಟ್ಟಿಗೆ ಕೂತು ತಿನ್ನಬಹುದು. ಓಡಿ ಬಂದವರಿಗೆ ಬೀನ್ಸ್ ಬರೀಟೊಗಿಂತ ಒಳ್ಳೆಯದು ಬೇರೆ ಇಲ್ಲ. ಕಾವಲಿಯ ಮೇಲೆ ಬಿಸಿ ಮಾಡಿದ ಅಗಲವಾದ ಗೋಧಿ ರೊಟ್ಟಿ, ಅದರೊಳಗೆ ಅನ್ನ, ಬೇಯಿಸಿದ ಕಪ್ಪು ಕಾಳು, ಹೆಚ್ಚಿದ ಟೊಮೆಟೊ ಈರುಳ್ಳಿ, ಚೀಸ್. ಮೇಲೆ ನಿಂಬೆ ಹಿಂಡಿ, ಹಸಿರು ಖಾರದ ಸಾಸ್ ಸುರಿದು ತಿಂದರೆ ಅನ್ನ, ಕಾಳು, ಉಪ್ಪು, ಹುಳಿ ಎಲ್ಲ ಒಂದೇ ಹಿಡಿಯಲ್ಲಿ ಸಿಕ್ಕಂತೆ. ಒಂದನ್ನು ಇಬ್ಬರು ಹಂಚಿಕೊಳ್ಳಬಹುದು. ಸಸ್ಯಾಹಾರಿಗಳು ಎರಡು ಪ್ರಶ್ನೆ ಕೇಳಲೇಬೇಕು: ಕಾಳಿಗೆ ಹಂದಿ ಕೊಬ್ಬು ಹಾಕಿದ್ದೀರಾ, ಅನ್ನ ಕೋಳಿ ಸಾರಿನಲ್ಲಿ ಬೇಯಿಸಿದ್ದೀರಾ? 'ವೆಜಿಟೇರಿಯನ್ನಾ' ಎಂದಷ್ಟೇ ಕೇಳಿದರೆ ಮಾಂಸದ ತುಂಡು ಇಲ್ಲ ಎಂಬರ್ಥದಲ್ಲಿ ಹೌದು ಅಂದುಬಿಡುವವರಿದ್ದಾರೆ.

ಹಗಲು ರೂಮಿನಲ್ಲಿ ಕೂರಲಾರದವರು ಗ್ರ್ಯಾಂಡ್‌ಸ್ಟಾಫ್ ಕಣಿವೆಗೆ ಹೋಗಿ. ಹೋಗಿಬರಲು ನಾಲ್ಕೂವರೆ ಮೈಲು, ಉದ್ದಕ್ಕೂ ಹರಿಯುವ ತೊರೆ, ಕೊನೆಗೆ 243 ಅಡಿ ಉದ್ದದ, ತಾನಾಗಿ ಮೂಡಿದ ಕಲ್ಲಿನ ಸೇತುವೆ. ತೊರೆಯನ್ನು ಮತ್ತೆ ಮತ್ತೆ ದಾಟಬೇಕು; ಶೂ ಬಿಚ್ಚದೆ ನೀರಿನಲ್ಲೇ ನಡೆಯಿರಿ. ಸೇತುವೆಯ ಬುಡದಲ್ಲಿ ಮೂರೆಲೆಯ ಗಿಡ ಹಬ್ಬಿರುತ್ತದೆ, ಪಾಯಿಸನ್ ಐವಿ. ಮುಟ್ಟಿದರೆ ಮೈಯೆಲ್ಲ ಗುಳ್ಳೆ. ಇನ್ನೊಂದು ಉಪಾಯ ಲಾ ಸಾಲ್ ಬೆಟ್ಟ: ಸುಮಾರು ಒಂದು ಗಂಟೆಯ ಡ್ರೈವ್‌ನಲ್ಲಿ 9,400 ಅಡಿ ಎತ್ತರದ ವಾರ್ನರ್ ಲೇಕ್, ಆಸ್ಪೆನ್ ಮರಗಳ ನೆರಳು, ಊರಿಗಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು. ಉಸಿರು ಬೇಗ ಕಟ್ಟುತ್ತದೆ, ವೇಗದ ಆಸೆ ಬಿಡಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಸಿಡಿಲು ಬರುವುದರಿಂದ ಹನ್ನೆರಡರೊಳಗೆ ಬೋಳು ಏಣು ಬಿಟ್ಟು ಇಳಿಯಿರಿ.

ಆ ಬೆಟ್ಟದ ಮೇಲೆ ಮೋಡ ಕಪ್ಪಾದರೆ, ನಿಮ್ಮ ತಲೆ ಮೇಲೆ ಬಿಸಿಲೇ ಇದ್ದರೂ, ಕಣಿವೆಯೊಳಗೆ ಇರಬೇಡಿ. ಎಲ್ಲೋ ಸುರಿದ ಮಳೆ ಕೆಂಪು ರಾಡಿಯಾಗಿ ಗೋಡೆಯಂತೆ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಮಿಲ್ ಕ್ರೀಕ್ ತೊರೆ ಉಕ್ಕಿ ಮೋಆಬ್ ಪೇಟೆಯ ರಸ್ತೆಗೇ ನುಗ್ಗಿತ್ತು. ಮಳೆಯ ಮರುದಿನ ಬಂಡೆ ಹಿಡಿದು ಹತ್ತುವ ದಾರಿಗಳೂ ಬೇಡ. ನೆನೆದ ಮರಳುಗಲ್ಲು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿದ್ದು, ಹಿಡಿದ ಅಂಚು ಕೈಗೇ ಬರುತ್ತದೆ.

ಕೊನೆಯದಾಗಿ ಕಾಲ ಕೆಳಗಿನ ಮಣ್ಣು. ದಾರಿಯ ಪಕ್ಕ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ಹಿಟ್ಟಿನ ಹೊರಪದರದಂತೆ ಕಾಣುವುದು ಸತ್ತ ಮಣ್ಣಲ್ಲ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಮರಳನ್ನು ಹೆಣೆದು ಹಿಡಿದಿರುವ ಜೀವಂತ ಪದರ. ಗಾಳಿಗೆ ಮಣ್ಣು ಹಾರದೆ ಇರುವುದು ಅದರಿಂದ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕೂಡಲು ದಶಕಗಳೇ ಬೇಕು. ಕಿರಿದಾದ ದಾರಿಯಲ್ಲಿ ಎದುರಿಗೆ ಗುಂಪು ಬಂದರೆ ಓಡುವವರು ಪಕ್ಕಕ್ಕೆ ಜಿಗಿಯಬೇಡಿ. ಬಂಡೆಯಿದ್ದರೆ ಬಂಡೆಯ ಮೇಲೆ, ಇಲ್ಲದಿದ್ದರೆ ದಾರಿಯಲ್ಲೇ ನಿಂತು, ಅವರು ದಾಟಿದ ಮೇಲೆ ಮುಂದುವರಿಯಿರಿ.