ತಲೆಯ ಬಳಿ ಕುಳಿತವರ ಎಣಿಕೆ

ತುರ್ತು ವೈದ್ಯಕೀಯ ತಂತ್ರಜ್ಞರ ತರಬೇತಿಗೆ ಹೆಸರು ನೋಂದಾಯಿಸಲು ಮಡಿಕೇರಿಗೆ ಹೋದ ದಿನ, ಅರ್ಜಿಯ ಉಳಿದೆಲ್ಲ ಅಂಕಣಗಳನ್ನು ತುಂಬಿದ ಮೇಲೆ ಒಂದೇ ಒಂದು ಪ್ರಶ್ನೆಯ ಮುಂದೆ ನನ್ನ ಪೆನ್ನು ನಿಂತುಬಿಟ್ಟಿತು. ‘ಈ ತರಬೇತಿಗೆ ಸೇರಲು ಕಾರಣವೇನು?’ ಎಂಬ ಆ ಪ್ರಶ್ನೆಗೆ ಎರಡು ಸಾಲುಗಳಷ್ಟೇ ಜಾಗವಿತ್ತು. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವನು. ಮುಂದೆ ಓದಲಾಗದೆ ಆರು ವರ್ಷಗಳಿಂದ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ಜೀಪು ಓಡಿಸುತ್ತಿದ್ದೇನೆ. ಕಾರಣ ನನಗೆ ಚೆನ್ನಾಗಿಯೇ ಗೊತ್ತಿತ್ತು, ಆದರೆ ಅದು ಎರಡು ಸಾಲಿಗೆ ಹಿಡಿಯುವಂಥದ್ದಾಗಿರಲಿಲ್ಲ.

ಎರಡು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಕರಿಮೆಣಸಿನ ಕೊಯ್ಲು ನಡೆಯುತ್ತಿದ್ದಾಗ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ, ನಾವೆಲ್ಲರೂ ಅಣ್ಣ ಎಂದು ಕರೆಯುವ ಹಿರಿಯ ಕೆಲಸಗಾರರೊಬ್ಬರು ಬೆನ್ನಡಿಯಾಗಿ ಬಿದ್ದರು. 108 ಸೇವೆ ನಮ್ಮ ರಾಜ್ಯದಲ್ಲಿ 2008ರಿಂದಲೇ ಇದ್ದರೂ ತೋಟದ ಆ ಇಳಿಜಾರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನಾವು ನಾಲ್ವರು ಓಡಿಹೋಗಿ, ಇಬ್ಬರು ತೋಳುಗಳನ್ನೂ ಇಬ್ಬರು ಕಾಲುಗಳನ್ನೂ ಹಿಡಿದು ಅವರನ್ನು ಎತ್ತಿದೆವು. ಅವರ ನಡು ಕೆಳಕ್ಕೆ ಜೋತುಬಿದ್ದದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಜೀಪಿನ ಹಿಂಬದಿಯಲ್ಲಿ ಕಾಲು ಚಾಚುವಷ್ಟು ಜಾಗವಿಲ್ಲದ್ದರಿಂದ ಅವರನ್ನು ಮಡಿಸಿದಂತೆ ಕೂರಿಸಿ, ಗುಂಡಿ ಬಿದ್ದ ತೋಟದ ದಾರಿಯಲ್ಲಿ ನಾನು ವೇಗವಾಗಿ ಓಡಿಸಿದೆ. ಮಡಿಕೇರಿಯಿಂದ ಅವರನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಕಳುಹಿಸಿದರು. ಜೀವ ಉಳಿಯಿತು, ಆದರೆ ಸೊಂಟದಿಂದ ಕೆಳಗೆ ಸ್ವಾಧೀನ ಬರಲಿಲ್ಲ.

ಅರ್ಜಿಯಲ್ಲಿ ಕೊನೆಗೆ ನಾನು ಬರೆದದ್ದು ಇಷ್ಟೇ: ‘ಬಿದ್ದವರನ್ನು ಎತ್ತುವುದು ಹೇಗೆಂದು ಕಲಿಯಬೇಕಾಗಿದೆ.’ ಅಂಕಪಟ್ಟಿಯನ್ನು ಪರಿಶೀಲಿಸುತ್ತಿದ್ದ ಶಿಕ್ಷಕಿ ಅದನ್ನು ಎರಡು ಸಲ ಓದಿ, ಏನೂ ಕೇಳದೆ, “ಮಧ್ಯಾಹ್ನ ಹಳೆಯ ತಂಡಕ್ಕೆ ಪ್ರಾಯೋಗಿಕ ತರಗತಿ ಇದೆ, ನಿಂತು ನೋಡಿಕೊಂಡು ಹೋಗಿ” ಎಂದರು.

ಆ ತರಗತಿಯಲ್ಲಿ ಅವರು ಮೊದಲು ಹೇಳಿದ್ದು ಗಾಯಾಳುವಿನ ವಿಷಯವನ್ನಲ್ಲ. ಹತ್ತಿರ ಹೋಗುವ ಮುನ್ನ ನಿಂತು ಸುತ್ತಲೂ, ಮೇಲೂ ನೋಡಬೇಕು ಎಂದರು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಕಳೆದುಕೊಂಡವರ ಸುದ್ದಿಯನ್ನು ಕೊಡಗಿನವರು ಕೇಳದೆ ಇಲ್ಲ; ಅಂಥವರನ್ನು ಬಿಡಿಸಲು ಕೈ ಹಾಕಿದವರೂ ಸಾಯಬಹುದು ಎಂದು ಅವರು ಹೇಳಿದಾಗ ಕೊಠಡಿ ಪೂರ್ತಿ ಮೌನವಾಯಿತು. ಎದೆ ಒತ್ತುವ ಅಭ್ಯಾಸವೂ ನಡೆಯಿತು: ನಿಮಿಷಕ್ಕೆ 100ರಿಂದ 120 ಸಲ, 30 ಒತ್ತಿಗೆ 2 ಉಸಿರು. ಆದರೆ ನನ್ನ ಮನಸ್ಸು ಮೂಲೆಯಲ್ಲಿ ಒರಗಿಸಿಟ್ಟಿದ್ದ ಕಿತ್ತಳೆ ಬಣ್ಣದ ಹಲಗೆಯ ಮೇಲೆಯೇ ಇತ್ತು.

ಅದರ ಸರದಿ ಬಂದಾಗ ಒಬ್ಬ ವಿದ್ಯಾರ್ಥಿ ನೆಲದ ಮೇಲೆ ಮಲಗಿದ. ಒಬ್ಬಳು ಅವನ ತಲೆಯ ಬಳಿ ಮೊಣಕಾಲೂರಿ, ಎರಡೂ ಅಂಗೈಗಳಿಂದ ತಲೆಯನ್ನು ಅಲುಗದಂತೆ ಹಿಡಿದಳು. ಇನ್ನೊಬ್ಬರು ಕುತ್ತಿಗೆಗೆ ಪಟ್ಟಿ ತೊಡಿಸಿದ ಮೇಲೂ ಅವಳು ಕೈ ತೆಗೆಯಲಿಲ್ಲ. ಪಕ್ಕದಲ್ಲಿದ್ದವರು ಹೆಗಲು, ಸೊಂಟ, ಮೊಣಕಾಲುಗಳನ್ನು ಹಿಡಿದು ಕಾದರು. ತಲೆ ಹಿಡಿದವಳು “ಒಂದು, ಎರಡು, ಮೂರು” ಎಂದಾಗಲೇ ಎಲ್ಲರೂ ಒಟ್ಟಿಗೆ ಅವನನ್ನು ಮರದ ದಿಮ್ಮಿಯನ್ನು ಹೊರಳಿಸುವಂತೆ ಹೊರಳಿಸಿದರು. ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿದ್ದವು. ಅಷ್ಟರಲ್ಲಿ ಹಲಗೆ ಬೆನ್ನಿನ ಕೆಳಗೆ ಸೇರಿತು. ಇಡೀ ಕೆಲಸಕ್ಕೆ ಹಿಡಿದದ್ದು ಒಂದೆರಡು ನಿಮಿಷ. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ.

ಸಂಜೆ ನೇರವಾಗಿ ಅಣ್ಣನ ಲೈನ್‌ಮನೆಗೆ ಹೋದೆ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದ ಅವರಿಗೆ ಅರ್ಜಿ ಕೊಟ್ಟದ್ದನ್ನೂ ಕಂಡದ್ದನ್ನೂ ಹೇಳಿದೆ.

“ಹಾಗಾದರೆ ಅವತ್ತು ನನ್ನನ್ನು ಹಾಗೆ ಎತ್ತಬಾರದಿತ್ತಾ?” ಎಂದು ಕೇಳಿದರು.

“ಎತ್ತಬಾರದಿತ್ತು ಅಣ್ಣ. ಬಿದ್ದಾಗಲೇ ಹೀಗಾಯಿತೋ, ನಾವು ಎತ್ತಿದ್ದರಿಂದ ಹೀಗಾಯಿತೋ, ಡಾಕ್ಟರೂ ಹೇಳಲಿಲ್ಲ,” ಎಂದೆ. ಇದನ್ನು ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ಅವರು ಬಹಳ ಹೊತ್ತು ಹೊರಗೆ ನೋಡುತ್ತಿದ್ದರು. ಆಮೇಲೆ ಮಗನನ್ನು ಕರೆದು ಚಾಪೆ ಹಾಸಿ ಮಲಗುವಂತೆ ಹೇಳಿ, “ಮಾಡಿ ತೋರಿಸು, ನೋಡೋಣ” ಎಂದರು. ಪಕ್ಕದ ಮನೆಯ ಇಬ್ಬರು ಬಂದರು. ಹುಡುಗನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಯಾರು ಎಲ್ಲಿ ಹಿಡಿಯಬೇಕೆಂದು ಹೇಳಿದೆ. ಎಣಿಸಲು ಬಾಯಿ ತೆರೆದಾಗ ನನಗೆ ಸ್ವರ ಹೊರಡಲಿಲ್ಲ. ಕುರ್ಚಿಯಲ್ಲಿ ಕುಳಿತೇ ಅಣ್ಣ ಎಣಿಸಿದರು: “ಒಂದು, ಎರಡು, ಮೂರು.”