ಫೋನಿನಲ್ಲಿ ಹೇಳಿದ ಹೆಸರು ಕನ್ನಡದಲ್ಲೇ ಪಟ್ಟಿಗೆ: ಕೆಲಸ ಎಲ್ಲಿಗೆ ಬಂತು

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ನಾವು ಕೆಲವು ಗೆಳೆಯರು ಸೇರಿ ಉಚಿತ ಕಣ್ಣಿನ ತಪಾಸಣೆ ಶಿಬಿರ ನಡೆಸುತ್ತೇವೆ. ಹೆಸರು ಹಚ್ಚಲಿಕ್ಕೆ ಜನ ಫೋನ್ ಮಾಡುತ್ತಾರೆ. ಶಿಬಿರ ಹತ್ತಿರ ಬಂದಂತೆ ಕರೆ ಎತ್ತಿ ಬರೆದುಕೊಳ್ಳುವವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ರಾತ್ರಿ ಎಂಟರ ಮೇಲೆ ಬಂದ ಕರೆಗಳನ್ನು ಎತ್ತುವವರೇ ಇಲ್ಲ. ಆದರೆ ಹೊಲದಿಂದ ಬಂದು, ಊಟ ಮುಗಿಸಿ, ಮಗನ ಕೈಲಿ ಫೋನ್ ಹಚ್ಚಿಸುವ ಹಿರಿಯರಿಗೆ ಸಿಗುವ ಹೊತ್ತೇ ಅದು. ಅದಕ್ಕೇ ಕರೆ ಎತ್ತಿ, ಊರು ಮತ್ತು ಹೆಸರು ಕೇಳಿ, ಕನ್ನಡದಲ್ಲೇ ಪಟ್ಟಿಗೆ ಬರೆಯುವ ವ್ಯವಸ್ಥೆ ಕಟ್ಟಲು ಬೇಸಿಗೆಯಲ್ಲಿ ಕೈಹಾಕಿದೆ. ಈಗ ಅದು ಎಲ್ಲಿದೆ ಎಂದು ಬರೆದಿಡುತ್ತಿದ್ದೇನೆ.

ಯಂತ್ರದ ವಿಷಯ ಮೊದಲು ಮುಗಿಸುತ್ತೇನೆ. ಒಂದು ಹಳೆಯ ಡೆಸ್ಕ್‌ಟಾಪ್, ಅದರ ಮೇಲೆ ಲಿನಕ್ಸ್ ಮತ್ತು ಫೋನ್ ಕರೆಗಳನ್ನು ನಿರ್ವಹಿಸುವ ಆಸ್ಟರಿಸ್ಕ್ ಎಂಬ ತಂತ್ರಾಂಶ, ಪರವಾನಗಿ ಇರುವ ಕಂಪನಿಯಿಂದ ಪಡೆದ ಸಿಪ್ ಲೈನು, ಅಂದರೆ ಇಂಟರ್ನೆಟ್ ಮೂಲಕ ಬರುವ ಫೋನ್ ಲೈನು. ಕರೆ ಬಂದರೆ ಆಸ್ಟರಿಸ್ಕ್ ಎತ್ತುತ್ತದೆ, ಪ್ರಶ್ನೆ ಕೇಳಿಸುತ್ತದೆ, ಉತ್ತರವನ್ನು ರೆಕಾರ್ಡ್ ಮಾಡಿ ಒಂದು ಪೈಥಾನ್ ಪ್ರೋಗ್ರಾಮಿಗೆ ಕೊಡುತ್ತದೆ. ಇಷ್ಟು ಕೆಲಸ ಒಂದು ವಾರಾಂತ್ಯದಲ್ಲಿ ಆಗಿಹೋಯಿತು. ಉಳಿದ ತಿಂಗಳುಗಳೆಲ್ಲ ಹೆಸರುಗಳಿಗೇ ಹೋದವು.

ದನಿಯ ಅರ್ಧ ಭಾಗ ಬರುವುದೇ ಇಲ್ಲ

ಸಾಂಪ್ರದಾಯಿಕ ಟೆಲಿಫೋನ್ ಜಾಲ ದನಿಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಸಾಗಿಸುತ್ತದೆ. ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಒಂದೊಂದು ಅಳತೆಗೆ 8 ಬಿಟ್, ಒಟ್ಟು ಸೆಕೆಂಡಿಗೆ 64 ಕಿಲೋಬಿಟ್. ನಮ್ಮಲ್ಲಿ ಬಳಕೆಯಲ್ಲಿರುವ ಎ-ಲಾ ಪದ್ಧತಿ ಇದೇ. 4ಜಿ ಫೋನುಗಳು ವೋಲ್ಟೆಯಲ್ಲಿ (4ಜಿ ಜಾಲದ ಮೇಲೇ ಹೋಗುವ ಕರೆಯಲ್ಲಿ) ಇದಕ್ಕಿಂತ ಅಗಲವಾದ ದನಿ ಕಳಿಸಬಲ್ಲವು. ಆದರೆ ಕರೆ ನಮ್ಮ ಲೈನಿಗೆ ಇಳಿಯುವಾಗ ಮತ್ತೆ ಹಳೆಯ ಅಳತೆಗೇ ಬರುತ್ತದೆ. ಮಾತು ಗುರುತಿಸುವ ಮಾದರಿಗಳು, ಅಂದರೆ ದನಿ ಕೇಳಿ ಅಕ್ಷರ ಬರೆಯಲು ಕಲಿತ ಪ್ರೋಗ್ರಾಮುಗಳು, ಹೆಚ್ಚಾಗಿ ಸೆಕೆಂಡಿಗೆ 16000 ಸಲ ಅಳೆದ ದನಿಯಲ್ಲಿ ಕಲಿತಿರುತ್ತವೆ. ರೆಕಾರ್ಡಿಂಗನ್ನು 16000ಕ್ಕೆ ಹಿಗ್ಗಿಸಿ ಕೊಟ್ಟರೆ ಮಾದರಿ ತೆಗೆದುಕೊಳ್ಳುತ್ತದೆ, ಆದರೆ ದಾರಿಯಲ್ಲಿ ಹೋದದ್ದು ಹಿಂದಿರುಗುವುದಿಲ್ಲ.

ಮಾತಿನಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ, ಮುಂದಿನ ಪದ ಹಿಂದಿನದನ್ನು ಎತ್ತಿಹಿಡಿಯುತ್ತದೆ. ಹೆಸರಿಗೆ ಆ ಆಸರೆಯಿಲ್ಲ. ಸಕಾರದ ಸುಯ್ಯೆನ್ನುವ ಶಕ್ತಿಯೆಲ್ಲ ಹೆಚ್ಚುಕಡಿಮೆ 4000 ಹರ್ಟ್ಸ್‌ ಮೇಲಿರುತ್ತದೆ. ಅದು ಕತ್ತರಿಸಿಹೋದ ಮೇಲೆ ಸ ಮತ್ತು ಫ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಹೀಗಾಗಿ ನಮ್ಮ ಸೀಮೆಯಲ್ಲಿ ಮನೆಮನೆಗೂ ಇರುವ ಫಕ್ಕೀರಪ್ಪ, ತೆರೆಯ ಮೇಲೆ ಸಕ್ಕೀರಪ್ಪನಾಗಿ ಬರುತ್ತಾನೆ. ಅದೇ ಹೆಸರನ್ನು ಪಕ್ಕೀರಪ್ಪ ಎಂದು ಹೇಳುವವರ ಕರೆಯಲ್ಲಿ ಈ ತೊಡಕಿಲ್ಲ. ಇನ್ನೊಂದು ಜೋಡಿ ಮ ಮತ್ತು ನ. ಮುಂದೆ ಈಕಾರ ಬಂದರೆ ಇವೆರಡನ್ನೂ ಬೇರ್ಪಡಿಸುವುದು ಇನ್ನೂ ಕಷ್ಟ: ನಾಗಮ್ಮ ಸರಿಯಾಗಿಯೇ ಬರುತ್ತಾಳೆ, ನೀಲವ್ವ ಮಾತ್ರ ಮೀಲವ್ವ ಆಗುತ್ತಾಳೆ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಕೊನೆಯ ಅಕ್ಷರ. ಬಸಪ್ಪ–ಬಸವ್ವ, ಯಲ್ಲಪ್ಪ–ಯಲ್ಲವ್ವ, ಹನುಮಪ್ಪ–ಹನುಮವ್ವ. ಗಂಡೋ ಹೆಣ್ಣೋ ಎಂಬುದು ನಿಂತಿರುವುದೇ ಆ ಕೊನೆಯ ಒತ್ತಕ್ಷರದ ಮೇಲೆ. ಮಾತಿನ ದನಿ ಇಳಿಯುವುದೂ ಅಲ್ಲೇ. ಪ್ಪ ಎನ್ನುವಾಗ ತುಟಿ ಮುಚ್ಚಿ ಒಂದು ಕ್ಷಣ ಸದ್ದೇ ಇರುವುದಿಲ್ಲ, ವ್ವ ಎನ್ನುವಾಗ ಗಂಟಲಿನ ಮೊಳಗು ನಡುವೆ ಕಡಿಯುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲದೆ ಸರಿಯಾಗಿ ಅಲ್ಲೇ ಒಂದು ತುಣುಕು ಬಿದ್ದುಹೋದರೆ ಬಸವ್ವನ ನಡುವೆಯೂ ಮೌನ ಬರುತ್ತದೆ, ಪಟ್ಟಿಯಲ್ಲಿ ಬಸಪ್ಪ ಎಂದಾಗುತ್ತದೆ. ಸದ್ದು ನಿಂತಿತೆಂದು ರೆಕಾರ್ಡಿಂಗ್ ಮುಗಿಸುವ ಭಾಗವೂ ಪ್ಪಕಾರದ ಮೌನವನ್ನೇ ಮಾತಿನ ಕೊನೆ ಎಂದುಕೊಳ್ಳುತ್ತಿತ್ತು. ಈಗ ಮಾತು ನಿಂತ ಮೇಲೂ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವಂತೆ ಇಟ್ಟಿದ್ದೇನೆ. ಹಿರಿಯರು ಹೆಸರು ಹೇಳಿ, ತಡೆದು, ಅಡ್ಡಹೆಸರು ಹೇಳುತ್ತಾರೆ. ಅವರಿಗೂ ಇದೇ ಅನುಕೂಲ.

ಯಾವ ಮಾದರಿ

ವಿಸ್ಪರ್‌ನಿಂದ ಶುರುಮಾಡಿದೆ. 2022ರಲ್ಲಿ ಬಂದ, ಕನ್ನಡವೂ ಸೇರಿ ಹಲವು ಭಾಷೆ ಬಲ್ಲ ಮಾದರಿ. ಅದರ ರಚನೆ 30 ಸೆಕೆಂಡಿನ ತುಣುಕಿಗೆ ಹೊಂದಿಸಿದ್ದು, ಮುಂದಿನ ಪದ ಏನಿರಬಹುದೆಂದು ಊಹಿಸುತ್ತ ಬರೆಯುವಂಥದ್ದು. ಭಾಷಣಕ್ಕೆ, ಸಂದರ್ಶನಕ್ಕೆ ಅದು ಒಳ್ಳೆಯ ಗುಣ. ಒಂದು ಸೆಕೆಂಡಿನ ‘ಯಲ್ಲವ್ವ’ಕ್ಕೆ ಆ ಊಹೆಯೇ ಬೇಡ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಎಂಬ ಅಡ್ಡಹೆಸರಿದೆ, ಅಂಗಡಿ ಇದೆ, ಹಡಪದ ಇದೆ, ಊರ ಹೆಸರೇ ಅಡ್ಡಹೆಸರಾದ ಮನೆತನಗಳಂತೂ ಲೆಕ್ಕವಿಲ್ಲ. ವಾಕ್ಯಗಳಿಂದ ಕಲಿತ ಊಹೆ ಇವನ್ನೆಲ್ಲ ಹೆಸರೆಂದು ಎಣಿಸುವುದಿಲ್ಲ.

ಆದ್ದರಿಂದ ಐಐಟಿ ಮದ್ರಾಸಿನ ಎಐ4ಭಾರತ್ ಬಳಗದ ಇಂಡಿಕ್‌ಕನ್ಫಾರ್ಮರ್‌ಗೆ ಬದಲಾಯಿಸಿದೆ. ಅದರಲ್ಲಿ ಸಿಟಿಸಿ ಎಂಬ ಬಗೆಯ ಔಟ್‌ಪುಟ್ ಸಿಗುತ್ತದೆ: ದನಿಯ ಒಂದೊಂದು ಚೂರಿಗೂ ಯಾವ ಅಕ್ಷರ ಎಷ್ಟು ಸಂಭವ ಎಂಬ ಲೆಕ್ಕ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದು ಕೊಡುತ್ತದೆ, ಸಕ್ಕೀರಪ್ಪ ಆದರೆ ಸಕ್ಕೀರಪ್ಪನೇ. ನನಗೆ ಬೇಕಾದದ್ದು ಇದು. ಎಲ್ಲಿ ತಪ್ಪಿದೆ ಎಂದು ಕಣ್ಣಿಗೆ ಕಾಣುವ ತಪ್ಪನ್ನು ಆಮೇಲೆ ತಿದ್ದಬಹುದು. ಚೆಂದದ ಬೇರೆಯೇ ಹೆಸರಾಗಿ ಬಂದು ಕೂತ ತಪ್ಪನ್ನು ಹಿಡಿಯುವುದೇ ಕಷ್ಟ.

ಫೋನ್ ದನಿಗೆ ಅದನ್ನು ಒಗ್ಗಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೈಲ್ ಪ್ರಯೋಗಾಲಯ ಬಿಡುಗಡೆ ಮಾಡಿರುವ ಕನ್ನಡ ಧ್ವನಿಸಂಗ್ರಹ ಬಳಸಿದೆ. ಶುದ್ಧವಾದ ಆ ದನಿಯನ್ನು 8000ಕ್ಕೆ ಇಳಿಸಿ, ಎ-ಲಾ ಮಾಡಿ, ಮೊಬೈಲು ದನಿಯನ್ನು ಕುಗ್ಗಿಸಲು ಬಳಸುವ ಎಎಂಆರ್ ಕೋಡೆಕ್ಕಿನಲ್ಲಿ ಹಾಯಿಸಿ, ಫ್ಯಾನು, ಟ್ರ್ಯಾಕ್ಟರ್, ಬಸ್‌ಸ್ಟ್ಯಾಂಡಿನ ಗದ್ದಲ ಸೇರಿಸಿ, ಅದರ ಮೇಲೆ ಮತ್ತೆ ಕಲಿಸಿದೆ. ಮೂಗಿನ ಅಕ್ಷರಗಳಲ್ಲಿ ಸುಧಾರಣೆ ಚೆನ್ನಾಗಿ ಕಂಡಿತು. ಸ–ಫ ಮಾತ್ರ ಹಾಗೇ ಉಳಿದಿದೆ. ಬಾರದೇ ಹೋದ ದನಿಯನ್ನು ಯಾರಾದರೂ ಎಲ್ಲಿಂದ ಕೇಳಬೇಕು?

ಹೆಸರಿನ ಪಟ್ಟಿ

ನಾನು ಈಗ ಗಟ್ಟಿಯಾಗಿ ನಂಬಿರುವುದು ಇಷ್ಟು: ಫೋನಿನಲ್ಲಿ ಹೆಸರು ಹಿಡಿಯುವ ಕೆಲಸ ಕಿವಿಯದಷ್ಟೇ ಅಲ್ಲ, ಆ ಸೀಮೆಯಲ್ಲಿ ಯಾವ ಹೆಸರುಗಳಿವೆ ಎಂಬ ತಿಳಿವಳಿಕೆಯದು. ನಮ್ಮ ನೋಂದಣಿ ನೋಡುವ ನಿವೃತ್ತ ಮಾಸ್ತರು ಎಂಥ ಕೆಟ್ಟ ಲೈನಿನಲ್ಲೂ ಹೆಸರು ಹಿಡಿಯುತ್ತಾರೆ. ಹಾವನೂರಿನಿಂದ ಕರೆ ಬಂದರೆ ಅಲ್ಲಿ ಯಾವ ಅಡ್ಡಹೆಸರುಗಳು ಇರಬಹುದೆಂದು ಅವರಿಗೆ ಮೊದಲೇ ಗೊತ್ತು.

ಆ ತಿಳಿವಳಿಕೆಗಾಗಿ ಹಿಂದಿನ ಶಿಬಿರಗಳ ರಿಜಿಸ್ಟರುಗಳಿಂದ ಹೆಸರು, ಅಡ್ಡಹೆಸರುಗಳನ್ನು ಬಿಡಿಬಿಡಿಯಾಗಿ ತೆಗೆದೆವು. ಯಾವ ಹೆಸರಿಗೆ ಯಾವ ಅಡ್ಡಹೆಸರು, ವಯಸ್ಸೆಷ್ಟು, ಕಾಯಿಲೆ ಏನು ಎಂಬುದು ಯಾವುದೂ ಅದರಲ್ಲಿಲ್ಲ. ಕೆಲವು ವರ್ಷದವು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು, ಅವನ್ನು ಯೂನಿಕೋಡಿಗೆ ತರಬೇಕಾಯಿತು. ಯೂನಿಕೋಡಿನಲ್ಲೂ ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಚೂರಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ಬಗೆಯ ರೂಪಕ್ಕೆ ತಂದ ಮೇಲೆ ಪಟ್ಟಿ ಎಷ್ಟೋ ಚಿಕ್ಕದಾಯಿತು.

ಮಾದರಿ ಬರೆದದ್ದನ್ನು ಈ ಪಟ್ಟಿಗೆ ಹೋಲಿಸುವುದು ಮುಂದಿನ ಹಂತ. ಇಂಗ್ಲಿಷ್ ಹೆಸರುಗಳಿಗೆ ಇಂಥದ್ದೊಂದು ವಿಧಾನ 1918ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು. ರಾಬರ್ಟ್ ರಸೆಲ್‌ ಅವರ ಆ ವಿಧಾನದಿಂದ ಬೆಳೆದದ್ದೇ ಸೌಂಡೆಕ್ಸ್. ಅದು ಹೆಸರಿನ ಮೊದಲ ಅಕ್ಷರವನ್ನು ನಂಬಿ ಹಾಗೇ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ನಮಗೆ ಫೋನಿನಲ್ಲಿ ಕೆಡುವುದೇ ಮೊದಲ ಅಕ್ಷರ ಮತ್ತು ಕೊನೆಯದು. ಹಾಗಾಗಿ ಕನ್ನಡಕ್ಕೆ ಬೇರೆ ಲೆಕ್ಕ ಮಾಡಿಕೊಂಡೆ. ಒಂದು ಹೆಸರನ್ನು ಇನ್ನೊಂದಾಗಿ ಬದಲಿಸಲು ಎಷ್ಟು ಅಕ್ಷರ ತಿದ್ದಬೇಕು ಎಂಬ ಲೆವೆನ್‌ಸ್ಟೈನ್ ಅಂತರವೇ ಅದರ ಬುಡ. ಆದರೆ ಎಲ್ಲ ತಿದ್ದುಪಡಿಗೂ ಒಂದೇ ಬೆಲೆಯಿಲ್ಲ. ಬಾಗ್ಯ–ಭಾಗ್ಯದಂಥ ಮಹಾಪ್ರಾಣದ ವ್ಯತ್ಯಾಸಕ್ಕೆ ಬೆಲೆ ಸೊನ್ನೆಗೆ ಹತ್ತಿರ. ಸ–ಶ, ಹ್ರಸ್ವ–ದೀರ್ಘ ಅಗ್ಗ. ಸ–ಫ, ಮ–ನ ಕೂಡ ಅಗ್ಗವೇ, ಫೋನು ಅವನ್ನು ಕೆಡಿಸುತ್ತದೆಂದು ಗೊತ್ತಿರುವುದರಿಂದ. ಪ್ಪ–ವ್ವ ಮಾತ್ರ ಬಹಳ ದುಬಾರಿ. ಅಲ್ಲಿ ಅನುಮಾನ ಬಂದರೆ ಯಂತ್ರ ತಾನೇ ತೀರ್ಮಾನಿಸಕೂಡದು, ಕೇಳಬೇಕು. ಈ ಬೆಲೆಗಳು ನಮ್ಮ ಸೀಮೆಯವು. ಮಂಡ್ಯದ ಕಡೆ ಹನುಮಂತನನ್ನು ಅನುಮಂತ ಎನ್ನುವವರಿಗೆ ಹಕಾರದ ಬೆಲೆ ಬೇರೆಯಿಡಬೇಕು.

ನಮ್ಮ ಭಾಗಕ್ಕೇ ಸೇರಿದ ಒಂದು ತೊಡಕಿದೆ: ‘ರೀ’. ಹೆಸರು ಕೇಳಿದರೆ ಬರುವ ಉತ್ತರ ‘ಬಸಪ್ಪರೀ’. ಕಾಗದದ ಮೇಲೆ ಬಸಪ್ಪರಿ ಎಂದು ಬೀಳುತ್ತದೆ. ಕೊನೆಯ ರಿ ಕತ್ತರಿಸಿ ಎಂದರೆ ಗೌರಿ ಬರೀ ‘ಗೌ’ ಆಗುತ್ತಾಳೆ, ರಾಜೇಶ್ವರಿ ‘ರಾಜೇಶ್ವ’. ‘ಪೂಜಾರ್ರೀ’ ಎಂದವರದು ಪೂಜಾರ. ಪರಿಹಾರ ಪಟ್ಟಿಯಿಂದಲೇ ಬಂತು: ರಿ ತೆಗೆದ ಮೇಲೆ ಉಳಿದದ್ದು ಪಟ್ಟಿಯಲ್ಲಿದ್ದರೆ ತೆಗೆ, ಇಲ್ಲವಾದರೆ ಮುಟ್ಟಬೇಡ. ‘ಗೌರಿರೀ’ ಎಂದವರ ಹೆಸರೂ ಈಗ ಸರಿಯಾಗಿ ಬರುತ್ತದೆ.

ಏನು ಕೇಳಬೇಕು, ಹೇಗೆ ಕೇಳಬೇಕು

ಊರನ್ನು ಮೊದಲು, ಹೆಸರನ್ನು ಆಮೇಲೆ ಕೇಳುತ್ತೇವೆ. ಊರುಗಳ ಪಟ್ಟಿಗೆ ಒಂದು ಕೊನೆಯಿದೆ, ತಪ್ಪುವ ಸಂಭವ ಕಡಿಮೆ. ಊರು ಗೊತ್ತಾದರೆ ಅಲ್ಲಿನ ಹೆಸರುಗಳಿಗೆ ಹೆಚ್ಚು ತೂಕ ಕೊಡಬಹುದು. ಆದರೂ ಪ್ರಶ್ನೆ ಮುಗಿಯುವ ಮೊದಲೇ ಮಾತು ಶುರುಮಾಡುವವರ ಮೊದಲ ಅಕ್ಷರಗಳು ಹೋಗಿ ‘ಬೆನ್ನೂರು’ ಮಾತ್ರ ಉಳಿಯುವುದುಂಟು. ರಾಣೆಬೆನ್ನೂರೋ ಮೋಟೆಬೆನ್ನೂರೋ? ಈಗ ಪ್ರಶ್ನೆ ನಡೆದಿರುವಾಗಲೂ ರೆಕಾರ್ಡಿಂಗ್ ತೆರೆದೇ ಇರುತ್ತದೆ.

‘ನಿಮ್ಮ ಹೆಸರು ಹೇಳ್ರಿ’ ಎಂದು ಕೇಳಿದರೆ ‘ಯಾರದು, ನಂದೋ ನಮ್ಮವ್ವಂದೋ?’ ಎಂಬ ಮರುಪ್ರಶ್ನೆ ಬರುತ್ತದೆ, ಏಕೆಂದರೆ ಫೋನ್ ಹಚ್ಚುವವನು ಮಗ, ಕಣ್ಣು ತೋರಿಸುವವಳು ತಾಯಿ. ಈಗಿನ ಪ್ರಶ್ನೆ: ‘ಕಣ್ಣು ತೋರಿಸೋರ ಹೆಸರು ಹೇಳ್ರಿ.’ ಇದೊಂದು ಬದಲಾವಣೆಯಿಂದ ಆದ ಉಪಕಾರ ಮಾದರಿಗೆ ಕಲಿಸಿದ್ದರಿಂದ ಆದದ್ದಕ್ಕಿಂತ ಕಡಿಮೆಯಲ್ಲ.

ಬರೆದುಕೊಂಡ ಹೆಸರನ್ನು ಓದಿ ಹೇಳುತ್ತೇವೆ: ‘ಬಸವ್ವ ಅಂತ ಬರ್ಕೊಂಡೇವ್ರಿ. ಸರಿ ಐತ್ರಿ?’ ಇಲ್ಲಿ ಕರೆದವರದೇ ರೆಕಾರ್ಡಿಂಗ್ ಕೇಳಿಸುವುದು ಸುಲಭವಿತ್ತು, ಬೇಡವೆಂದೆ. ತಮ್ಮ ದನಿಯನ್ನೇ ಕೇಳಿದವರು ಸರಿಯೆನ್ನದೆ ಇನ್ನೇನನ್ನಾರು? ಪಟ್ಟಿಗೆ ಹೋದ ಅಕ್ಷರಗಳನ್ನೇ ಯಂತ್ರ ಓದಬೇಕು, ಆಗಲೇ ತಪ್ಪು ಹೊರಬೀಳುವುದು.

ಒಪ್ಪಿಗೆಗೆ ‘ಒಂದು ಒತ್ತಿ, ಎರಡು ಒತ್ತಿ’ ಎಂಬ ಕ್ರಮವನ್ನು ಬಿಟ್ಟಿದ್ದೇವೆ. ಬಟನ್ ಫೋನಿನವರಿಗೆ ಅದು ಸಲೀಸು. ಟಚ್ ಫೋನಿನಲ್ಲಿ ಕಿವಿಯಿಂದ ತೆಗೆದು ಕೀಪ್ಯಾಡ್ ತೆರೆಯುವಷ್ಟರಲ್ಲಿ ಮುಂದಿನ ಮಾತು ಮುಗಿದಿರುತ್ತದೆ. ಬಾಯಿಮಾತಿನ ಉತ್ತರವನ್ನೇ ತೆಗೆದುಕೊಳ್ಳುತ್ತೇವೆ. ‘ಹೌದ್ರೀ’, ‘ಅಲ್ರೀ’ ಬಿಡಿಸಿ ಕೇಳುತ್ತವೆ. ಎಚ್ಚರ ಬೇಕಾದದ್ದು ‘ಹೂಂ’ ಮತ್ತು ‘ಊಹೂಂ’ ನಡುವೆ. ಮುಂದಿನ ಊ ಕೇಳದೇ ಹೋದರೆ ಇಲ್ಲ ಎಂದದ್ದು ಹೌದಾಗುತ್ತದೆ. ಆದ್ದರಿಂದ ಬರೀ ಹೂಂಕಾರವನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ‘ಹೌದೋ ಅಲ್ಲೋ ಹೇಳ್ರಿ’ ಎಂದು ಕೇಳುತ್ತೇವೆ. ಎರಡನೇ ಸಲವೂ ಹೆಸರು ಹೊಂದದಿದ್ದರೆ ಮೂರನೇ ಸಲ ಕೇಳುವುದಿಲ್ಲ. ‘ನಮ್ಮವರು ಕೇಳಿ ಬರ್ಕೋತಾರ್ರಿ’ ಎಂದು ಹೇಳಿ, ರೆಕಾರ್ಡಿಂಗನ್ನು ಮಾಸ್ತರ ಸಾಲಿಗೆ ಹಾಕುತ್ತದೆ. ಕಣ್ಣು ಕಾಣದೆ ಫೋನ್ ಮಾಡಿದವರಿಗೆ ತಮ್ಮ ಹೆಸರನ್ನು ಮತ್ತೆ ಮತ್ತೆ ಹೇಳುವ ಕಷ್ಟ ಕೊಡಬಾರದು.

ತಿದ್ದಬಾರದ ಹೆಸರು

ಬಳಗದಲ್ಲಿ ಹೆಚ್ಚು ಚರ್ಚೆಯಾದದ್ದು ಇದೇ. ಒಬ್ಬರು ಲಚ್ಚವ್ವ ಎಂದು ಹೇಳಿದರೆ ಪಟ್ಟಿಯಲ್ಲಿ ಲಕ್ಷ್ಮವ್ವ ಎಂದು ಬರೆಯಬೇಕೇ? ಆಧಾರ್ ಕಾರ್ಡಿನಲ್ಲಿ ಹಾಗಿರಬಹುದು, ಶಸ್ತ್ರಚಿಕಿತ್ಸೆಗೆ ಕಳಿಸುವಾಗ ಕಾರ್ಡಿನ ಹೆಸರೇ ಬೇಕು. ನನ್ನ ವಾದ ಹೀಗಿತ್ತು: ಕಾರ್ಡಿನ ಹೆಸರಿಗೆ ಬೇರೆ ಅಂಕಣ ಇರಲಿ, ಶಿಬಿರದ ದಿನ ಕಾರ್ಡು ನೋಡಿ ತುಂಬೋಣ. ಫೋನಿನ ಅಂಕಣದಲ್ಲಿ ಅವರು ಹೇಳಿದ್ದೇ ಇರಬೇಕು. ಸರದಿ ಬಂದಾಗ ಕೂಗುವುದು ಆ ಹೆಸರನ್ನು. ಹುಟ್ಟಿದಾಗಿನಿಂದ ಲಚ್ಚವ್ವ ಎನಿಸಿಕೊಂಡವರು ಲಕ್ಷ್ಮವ್ವ ಎಂದು ಕೂಗಿದರೆ ಏಳುವುದಿಲ್ಲ. ಕೊನೆಗೆ ಎರಡು ಅಂಕಣವೇ ಎಂದಾಯಿತು. ಪಟ್ಟಿಯಲ್ಲಿ ಲಚ್ಚವ್ವ, ಲಕ್ಷ್ಮವ್ವ, ಲಕ್ಕವ್ವ ಮೂರೂ ಬೇರೆ ಬೇರೆ ಹೆಸರಾಗಿಯೇ ಇವೆ, ಒಂದನ್ನು ಇನ್ನೊಂದರ ಅಪಭ್ರಂಶ ಎಂದು ಕಟ್ಟಿಹಾಕಿಲ್ಲ.

ರೆಕಾರ್ಡಿಂಗ್ ಮಾಡುತ್ತೇವೆಂದು ಕರೆಯ ಮೊದಲಿಗೇ ಹೇಳುತ್ತೇವೆ. ಶಿಬಿರ ಮುಗಿದ ಮೇಲೆ ಎಲ್ಲವನ್ನೂ ಅಳಿಸುತ್ತೇವೆ. ಕಲಿಕೆಗೆ ಇಟ್ಟುಕೊಳ್ಳಬಹುದೇ ಎಂದು ಬೇರೆಯಾಗಿ ಕೇಳಿ, ಒಪ್ಪಿದವರದನ್ನಷ್ಟೇ ಇಟ್ಟುಕೊಳ್ಳುತ್ತೇವೆ. 2023ರ ದತ್ತಾಂಶ ಸಂರಕ್ಷಣೆ ಕಾಯ್ದೆ ಬಾರದಿದ್ದರೂ ಹೀಗೇ ಮಾಡುತ್ತಿದ್ದೆವು.

ಈಗ ಉಳಿದದ್ದು

ಸದ್ಯ ರಾತ್ರಿಯ ಕರೆಗಳನ್ನು ಮಾತ್ರ ಯಂತ್ರಕ್ಕೆ ಬಿಟ್ಟಿದ್ದೇವೆ, ಬೆಳಿಗ್ಗೆ ಮಾಸ್ತರು ಇಡೀ ಪಟ್ಟಿಯನ್ನು ದನಿಯೊಂದಿಗೆ ಹೋಲಿಸಿ ನೋಡುತ್ತಾರೆ. ಅವರು ತಿದ್ದಿದ್ದೆಲ್ಲ ಅಕ್ಷರಗಳ ಬೆಲೆ ಸರಿಪಡಿಸಲು ನನಗೆ ಬರುತ್ತದೆ. ಉರ್ದು ಮೂಲದ ಹೆಸರುಗಳು ಇನ್ನೂ ಸರಿಹೋಗಿಲ್ಲ: ಝಕಾರ, ಫಕಾರಗಳು ಫೋನಿನಲ್ಲೂ ಕೆಡುತ್ತವೆ, ನಮ್ಮ ರಿಜಿಸ್ಟರುಗಳಲ್ಲೂ ಬರೆದವರಿಗೆ ತೋಚಿದ ಹಾಗಿವೆ. ಸವಣೂರು ಕಡೆಯ ಗೆಳೆಯರೊಬ್ಬರು ಆ ಮನೆಗಳ ಹಿರಿಯರ ಜೊತೆ ಕೂತು, ಅವರು ಬರೆಯುವ ಕ್ರಮದಲ್ಲೇ ಪಟ್ಟಿ ಮಾಡುತ್ತಿದ್ದಾರೆ. ಅದು ಬಂದ ಮೇಲೆ ಮುಂದಿನ ಸುತ್ತಿನ ಕಲಿಕೆ ಶುರು. ಹಿರೇಕೆರೂರು ತಾಲೂಕಿನ ಕರೆಗಳನ್ನೂ ಆಗಲೇ ಸೇರಿಸಿಕೊಳ್ಳುತ್ತೇವೆ.